ಗೃಹಪ್ರವೇಶದ ಗೋಣಿಚೀಲ

ನಾನು ಮೊಸಾಯಿಕ್ ನೆಲಕ್ಕೆ ಪಾಲಿಶ್ ಹೊಡೆಯುವವನು. ಬಸವನಗುಡಿಯ ಒಂದು ಹೊಸ ಮನೆಯ ನೆಲವನ್ನು ಕನ್ನಡಿ ಥರ ಹೊಳೆಯುವ ಹಾಗೆ ಮಾಡಿದ್ದೆ. ಗೃಹಪ್ರವೇಶಕ್ಕೆ ನನ್ನನ್ನೂ ಕರೆದಿದ್ದರು. ಕರುವಿನ ಜೊತೆ ಎಲ್ಲರಿಗಿಂತ ಮೊದಲು ಒಳಗೆ ಹೋಗಬೇಕಾದ ಹಸು ಬಾಗಿಲಲ್ಲೇ ಕಾಲು ಜಾರಿ, ಬೆದರಿ ನಿಂತುಬಿಟ್ಟಿತು.

"ಏನ್ರೀ ಪಾಲಿಶ್ ಇದು? ಗೋಮಾತೆ ಕಾಲು ಮುರಿದ್ರೆ ಪಾಪ ಯಾರಿಗೆ?" ಅಂತ ಯಜಮಾನರು ನನ್ನ ಮೇಲೆ ಹರಿಹಾಯ್ದರು. ಆಮೇಲೆ ಸೀದಾ ಕಾಂಪೌಂಡಿನ ಮೂಲೆಗೆ ಹೋದರು. ಅಲ್ಲಿ ಗೋಣಿಚೀಲದ ಮೇಲೆ ಬೀದಿನಾಯಿಯೊಂದು ಮರಿ ಹಾಕಿತ್ತು. ತಾಯಿ ಇರಲಿಲ್ಲ. ಅವರು ಚೀಲ ಎಳೆದು ಒದರಿದ ರಭಸಕ್ಕೆ, ಇನ್ನೂ ಕಣ್ಣು ಬಿಡದ ನಾಲ್ಕು ಮರಿಗಳು ಜಲ್ಲಿ ಮೇಲೆ ಬಿದ್ದವು.

ನನಗೆ ಮೈಯೆಲ್ಲ ಉರಿದುಹೋಯಿತು. "ಅವಕ್ಕೆ ಜೀವ ಇಲ್ವಾ ಸ್ವಾಮಿ?"

"ನಾಯೀನೂ ಹಸೂನೂ ಒಂದೇನ್ರೀ? ಮುಹೂರ್ತ ಮೀರ್ತಿದೆ, ಸುಮ್ನಿರಿ!"

ಬಾಗಿಲಲ್ಲಿ ಚೀಲ ಹಾಸಿದರು. ಹಸು ಅದನ್ನು ಮೂಸಿತು. ಆಮೇಲೆ ಪಕ್ಕದಲ್ಲಿದ್ದ ತನ್ನ ಕರುವನ್ನು ನೆಕ್ಕುವ ಹಾಗೆಯೇ ಆ ಚೀಲವನ್ನು ನೆಕ್ಕತೊಡಗಿತು. ಎಷ್ಟು ಎಳೆದರೂ ಒಂದು ಹೆಜ್ಜೆ ಮುಂದಿಡಲಿಲ್ಲ.

"ನೋಡಿದ್ರಾ, ಲಕ್ಷ್ಮಿಗೆ ನಮ್ಮನೆ ಹೊಸ್ತಿಲು ಎಷ್ಟು ಹಿಡಿಸಿದೆ!" ಯಜಮಾನರು ಕೈಮುಗಿದರು.

ನಾನು ಮರಿಗಳನ್ನು ಆಯ್ದು, ಕೆಲಸ ಮುಗಿಸಿ ಅಲ್ಲೇ ಬಿಟ್ಟಿದ್ದ ನನ್ನ ಖಾಲಿ ಪಾಲಿಶ್ ಬಕೆಟ್ಟಿಗೆ ಹಾಕಿಕೊಂಡೆ. ಮುಹೂರ್ತ ಮೀರಿಹೋಯಿತು ಅಂತ ಪುರೋಹಿತರು ಕೂಗುತ್ತಿದ್ದರು. ಮೀರಲಿ ಅಂದುಕೊಂಡೆ. ಹಸುವಿಗೂ ಹಾಗೇ ಅನ್ನಿಸಿರಬೇಕು.