ನನ್ಗಿಂತ ಜಾಸ್ತಿ ಬಾಳ್ತದೆ ಬುಡು

"ಕಣ್ಣು!" ಎಂದು ಕೂಗದೆ ನಮ್ಮ ಚಿಕ್ಕಪ್ಪ ಪುಟ್ಟಸ್ವಾಮಿ ಕಬ್ಬಿಣಕ್ಕೆ ಕಿಡಿ ಹೊತ್ತಿಸಿದವನಲ್ಲ. ಪಿರಿಯಾಪಟ್ಟಣದಲ್ಲಿ ರಸ್ತೆಗೆ ಮುಖ ಮಾಡಿ ಅವನ ವೆಲ್ಡಿಂಗ್ ಅಂಗಡಿ ಇತ್ತು. ಆ ಕೂಗು ಕೇಳಿದರೆ ದಾರಿಹೋಕರು ಮುಖ ತಿರುಗಿಸುತ್ತಿದ್ದರು, ಬಸ್ಸಿಗೆ ಕಾಯುವ ಹೆಂಗಸರು ಕಣ್ಣಿಗೆ ಸೆರಗು ಹಿಡಿಯುತ್ತಿದ್ದರು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ, ಎದುರಿಗೆ ಕಟ್ಟಿದ್ದ ಎಮ್ಮೆಗೂ ಕೂಗಿದ. "ಅದ್ಕೇನು ತಿಳೀತದೆ ಚಿಕ್ಕಪ್ಪ?" ಎಂದೆ. "ಅದ್ಕೆ ತಿಳೀದೆ ಇರ್ಬೋದು. ಕಣ್ಣು ಎಲ್ರುಗೂ ಒಂದೇ ಕಣವ್ವ" ಎಂದ.

ಕೆಲಸ ಮುಗಿದ ಮೇಲೆ ಅವನದು ಇನ್ನೊಂದು ಮಾತಿತ್ತು. ಬೆಸುಗೆಯ ಮೇಲಿನ ಕಿಟ್ಟವನ್ನು ಸುತ್ತಿಗೆಯಿಂದ ಉದುರಿಸಿ, ಆರಲು ಬಿಟ್ಟು, ಕೊನೆಗೆ ಉಗುರಿನಿಂದ ಟಕ್ಕೆಂದು ತಟ್ಟಿ ನೋಡುವನು. ಆಮೇಲೆ, "ನನ್ಗಿಂತ ಜಾಸ್ತಿ ಬಾಳ್ತದೆ ಬುಡು" ಎನ್ನುವನು. ನೇಗಿಲಿಗೂ ಅದೇ ಮಾತು, ದೇವಸ್ಥಾನದ ಬಾಗಿಲಿಗೂ ಅದೇ ಮಾತು. ಜನ ಇದನ್ನು ಕೇಳಿಸಿಕೊಂಡೇ ಸಾಮಾನು ಎತ್ತುತ್ತಿದ್ದರು.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ಅದು ಸುಮ್ಮನೆ ಸಿಕ್ಕಿದ್ದಲ್ಲ. ಪಿರಿಯಾಪಟ್ಟಣದ ಪಕ್ಕದ ನಮ್ಮ ಹಳ್ಳಿಗೆ ಕಾಲೇಜಿನ ಹೊತ್ತಿಗೆ ಬಸ್ಸಿರಲಿಲ್ಲ. ಅಪ್ಪ, "ಇಷ್ಟು ಓದಿದ್ದು ಸಾಕು" ಎಂದು ಕೂತರು. ಚಿಕ್ಕಪ್ಪ ಗುಜರಿಯಿಂದ ಕತ್ತು ಮುರಿದ ಸೈಕಲ್ಲೊಂದನ್ನು ತಂದು, ಕತ್ತು ಬೆಸೆದು, ಅಪ್ಪನ ಮುಂದೆ ನಿಲ್ಲಿಸಿದ. "ಬಿದ್ದು ಸಾಯ್ತಾಳೆ ಕಣೋ" ಎಂದರು ಅಪ್ಪ. ಚಿಕ್ಕಪ್ಪ ಬೆಸುಗೆಯನ್ನು ಉಗುರಿನಿಂದ ತಟ್ಟಿ ಅದೇ ಮಾತು ಹೇಳಿದ. ಆ ಬೆಸುಗೆ ಒಂದು ದಿನವೂ ಕೈಕೊಡಲಿಲ್ಲ. ನನ್ನ ಡಿಗ್ರಿ ನಿಂತಿರುವುದು ಅದರ ಮೇಲೆಯೇ.

ಊರಲ್ಲಿ ಅವನ ಜೀವದ ಗೆಳೆಯ ಜವರಣ್ಣ. ನಮ್ಮ ಕಡೆ ಹೊಗೆಸೊಪ್ಪು ಬೆಳೆಯುವವರಿಗೆಲ್ಲ ಇರುವಂತೆ ಜವರಣ್ಣನಿಗೂ ಸೊಪ್ಪು ಹದ ಮಾಡುವ ಬ್ಯಾರನ್ ಮನೆ ಇತ್ತು. ಹೊರಗೆ ಒಲೆ ಉರಿಸಿದರೆ ಕಾವು ತಗಡಿನ ಕೊಳವೆಯಲ್ಲಿ ಒಳಗೆಲ್ಲ ಸುತ್ತುತ್ತದೆ, ಮೇಲೆ ಕಡ್ಡಿಗಳಿಗೆ ಕಟ್ಟಿದ ಸೊಪ್ಪು ಒಣಗುತ್ತದೆ. ತೊಂಬತ್ತರ ದಶಕದ ಒಂದು ವರ್ಷ ಆ ಕೊಳವೆ ಬಿರುಕು ಬಿಟ್ಟಿತು. ತೆಳು ತಗಡು. ಚಿಕ್ಕಪ್ಪನದೋ ಎಣ್ಣೆ ತುಂಬಿದ ಹಳೇ ಮಿಷನ್ನು, ಶಾಖ ತಗ್ಗಿಸಿದರೂ ತಗ್ಗದು, ಸ್ವಲ್ಪ ತಡೆದರೆ ತಗಡಿಗೆ ತೂತು. ಉಸಿರು ಹಿಡಿದು ಮಾಡಿ ಮುಗಿಸಿ, ಉಗುರಿನಿಂದ ತಟ್ಟಿದ.

"ಲೇ ಪುಟ್ಟ, ಊರಿಗೆಲ್ಲ ಒಂದೇ ಹಾಡು ಹೇಳ್ತೀಯ. ನನ್ಗಾದ್ರೂ ಬ್ಯಾರೆ ಹೇಳ್ಲಾ" ಎಂದು ಜವರಣ್ಣ ಕೆಣಕಿದ.

"ಆಯ್ತು ಬುಡ್ಲಾ. ಇದು ನಿನ್ಗಿಂತ ಜಾಸ್ತಿ ಬಾಳ್ತದೆ."

ಇಬ್ಬರೂ ನಕ್ಕರು. ಕಾಫಿ ತಂದು ನಿಂತಿದ್ದ ನಾನೂ ನಕ್ಕೆ.

ಆ ಹಂಗಾಮಿನಲ್ಲೇ, ಒಂದು ಬೆಳಗ್ಗೆ, ಆ ಬ್ಯಾರನ್ನಿಗೆ ಬೆಂಕಿ ಬಿತ್ತು. ಸೊಪ್ಪು ಎಳೆದು ಹಾಕಲು ಒಳಗೆ ನುಗ್ಗಿದ ಜವರಣ್ಣನ ಮೇಲೆ ಸೂರು ಕುಸಿಯಿತು. ಅವನು ಜೀವಂತ ಹೊರಗೆ ಬರಲಿಲ್ಲ.

ಸೊಪ್ಪಿನ ಕಡ್ಡಿ ಜಾರಿ ಕಾದ ಕೊಳವೆ ಮೇಲೆ ಬಿದ್ದಿರಬೇಕು ಎಂದಿತು ಊರು. ಹಾಗೆ ಹೊತ್ತಿಕೊಳ್ಳುವುದು ಹೊಸದಲ್ಲ. ಜವರಣ್ಣನ ಹೆಂಡತಿಯೇ ಬಂದು, "ಪುಟ್ಟಣ್ಣ, ನಿಂದೇನೂ ಇಲ್ಲ, ಊಟ ಮಾಡು" ಎಂದು ಕೈಹಿಡಿದು ಹೇಳಿದಳು. ಚಿಕ್ಕಪ್ಪ ಮಾತ್ರ ಬೂದಿ ಕೆದಕಿ, ತಾನು ಬೆಸೆದಿದ್ದ ಕೊಳವೆಯ ತುಂಡನ್ನು ಹೊತ್ತು ತಂದ. ಹಿತ್ತಲಲ್ಲಿ ಬೆಸುಗೆ ಗೋಡೆಯ ಕಡೆಗಿರುವಂತೆ ಒರಗಿಸಿದ. ಅಂಗಡಿಗೆ ಬೀಗ ಹಾಕಿದ.

"ಬಿಚ್ಕಂಡಿರ್ತದೆ ಕಣವ್ವ. ತೆಳು ತಗಡು. ನನ್ಗೊತ್ತು."

"ತಿರುಗಿಸಿ ನೋಡಿದ್ಯಾ?"

"ನೋಡ್ಬೇಕಾ?"

ವರ್ಷಗಳು ಕಳೆದವು. ಕೊಳವೆಯ ಮೇಲೆ ತೊಂಡೆಬಳ್ಳಿ ಹಬ್ಬಿತು. ಪ್ರತಿ ಹಂಗಾಮಿನಲ್ಲೂ ಸೊಪ್ಪು ಬೇಯುವ ವಾಸನೆ ಊರಿಗೆಲ್ಲ ಕವಿದಾಗ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಉಣ್ಣುತ್ತಾ ಉಣ್ಣುತ್ತಾ, "ಬಂದೆ ಕಣ್ಲಾ" ಎಂದು ಎದ್ದು ಹೊರಗೆ ಹೋಗುತ್ತಿದ್ದ. ಹೊರಗೆ ಯಾರೂ ಇರುತ್ತಿರಲಿಲ್ಲ. ಕೈಯಲ್ಲಿ ಎಂಜಲು ಒಣಗುವವರೆಗೂ ಅಲ್ಲೇ ನಿಂತಿರುತ್ತಿದ್ದ.

ನಾನು ಟೀಚರ್ ಆದೆ. ಹುಣಸೂರಿನಲ್ಲಿ ಮನೆ ಕಟ್ಟಿಸಿದೆ, ಪಕ್ಕದಲ್ಲೊಂದು ಕಾರ್ ಶೆಡ್ಡೂ ಆಯಿತು. ಗೇಟಿನ ಕೀಲು ಕಿತ್ತು ಬಂದದ್ದೇ ನೆಪವಾಗಿ, ಶೆಡ್ಡಿಗೊಂದು ಹೊಸ ವೆಲ್ಡಿಂಗ್ ಮಿಷನ್ ತರುತ್ತೇನೆ ಎಂದೆ. "ಕಾರೇ ಇಲ್ದಿರೋ ಶೆಡ್ಡಿಗೆ ಮೇಡಂ ಮಿಷನ್ ತರ್ತಾರಂತೆ!" ಎಂದು ನಮ್ಮ ಯಜಮಾನರು ನಕ್ಕರು. ಚಿಕ್ಕಪ್ಪನ ಕೈಗೆ ಇನ್ನೊಮ್ಮೆ ಕಿಡಿ ಹತ್ತಲಿ ಎಂಬ ನನ್ನ ಆಸೆ ಅವರಿಗೆ ಗೊತ್ತಿಲ್ಲದ್ದೇನಲ್ಲ. "ನೀನೇ ಬಂದು ಆರಿಸಿಕೊಡು" ಎಂದು ಚಿಕ್ಕಪ್ಪನನ್ನು ಮೈಸೂರಿಗೆ ಹೊರಡಿಸಿದೆ.

ಅಂಗಡಿಯವನು ಸೂಟ್‌ಕೇಸಿನಷ್ಟು ಪೆಟ್ಟಿಗೆಯೊಂದನ್ನು ತಂದಿಟ್ಟ. "ರಾಡೂ ಹಾಕ್ಬೋದು, ವೈರಲ್ಲೂ ಮಾಡ್ಬೋದು, ಆರ್ಗಾನ್ ಕೆಲಸಾನೂ ಆಗುತ್ತೆ. ಒಂದರಲ್ಲೇ ಮೂರು ಮೇಡಂ."

ಚಿಕ್ಕಪ್ಪ ಒಂದೇ ಕೈಯಲ್ಲಿ ಎತ್ತಿ ನೋಡಿದ. "ಎಣ್ಣೆ ಎಲ್ಲದೆ ಇದ್ರಲ್ಲಿ?"

"ಎಣ್ಣೆ ಇಲ್ಲ ಯಜಮಾನ್ರೇ. ಒಳಗೆಲ್ಲ ರೇಡಿಯೋ ತರ ಬೋರ್ಡು."

"ಅಂಗಾರೆ ಹಾಡೂ ಹೇಳ್ತದೇನಪ್ಪ?"

ಅಂಗಡಿಯವನು ನಕ್ಕ. ನನಗೆ ಎದೆ ತುಂಬಿ ಬಂತು, ಎಷ್ಟೋ ವರ್ಷಕ್ಕೆ ಕೇಳಿದ ತಮಾಷೆ ಅದು. ಆದರೆ ಅಂಗಡಿಯವನು ಮಾತು ಮುಂದುವರಿಸಿದ: "ಇದರ ಮಜಾ ತೆಳು ತಗಡಲ್ಲಿ ನೋಡ್ಬೇಕು. ವೈರ್ ಹಾಕಿ ಹೊಡೀರಿ, ತೂತೇ ಬೀಳಲ್ಲ."

ಚಿಕ್ಕಪ್ಪ ಮಿಷನ್ನನ್ನು ಕೆಳಗಿಟ್ಟ. "ಇದೇ ತಕ್ಕೊ" ಎಂದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ವಾಪಸ್ ಬರುವಾಗ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯಿಂದ ಇಳಿಸಲಿಲ್ಲ.

ಮರುವಾರ ಅವನಾಗಿಯೇ ಹುಣಸೂರಿಗೆ ಬಂದ. ಆಟೋದಿಂದ ಗೋಣಿಚೀಲ ಸುತ್ತಿದ್ದೊಂದನ್ನು ಇಳಿಸಿಕೊಂಡು ಶೆಡ್ಡಿನ ನೆಲದ ಮೇಲೆ ಬಿಚ್ಚಿದ. ಕೊಳವೆ. ಬೆಸುಗೆ ನೆಲದ ಕಡೆಗಿತ್ತು.

"ನೀನೇ ತಿರುಗ್ಸವ್ವ. ನನ್ ಕೈಲಾಗಲ್ಲ."

ತಿರುಗಿಸಿದೆ. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿದೆ. ತಗಡು ಬೇರೆ ಕಡೆ ಸೊಟ್ಟಗಾಗಿತ್ತು, ಅಂಚು ಹರಿದಿತ್ತು. ಬೆಸುಗೆ ಮಾತ್ರ ಈ ತುದಿಯಿಂದ ಆ ತುದಿಯವರೆಗೆ ಹಾಗೇ ಇತ್ತು. ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ.

"ನೋಡು ಚಿಕ್ಕಪ್ಪ! ನಿಂದೇನೂ ತಪ್ಪಿಲ್ಲ!" ನಾನು ಕೂಗಿಯೇಬಿಟ್ಟೆ.

ಅವನು ಬಗ್ಗಿ ಉಗುರಿನಿಂದ ತಟ್ಟಿದ. ಟಕ್ಕೆಂದಿತು. ಅವನ ಮುಖದಲ್ಲಿ ನಾನು ಕಾಯುತ್ತಿದ್ದ ಬೆಳಕು ಬರಲಿಲ್ಲ.

"ಅವ್ನಿಗಿಂತ ಜಾಸ್ತಿ ಬಾಳ್ತು" ಎಂದ. ಉಗುರಿಗೆ ಹತ್ತಿದ ತುಕ್ಕು ಒರೆಸಿಕೊಳ್ಳುತ್ತಾ, "ಕೈ ಸರಿಯಾಗೇ ಇತ್ತು ಕಣವ್ವ. ಬಾಯಿ ಸರಿಯಾಗಿರ್ನಿಲ್ಲ."

"ತಮಾಷೆಗೆ ಅಂದದ್ದು ಚಿಕ್ಕಪ್ಪ. ನಾನೂ ಅಲ್ಲೇ ಇದ್ದೆ, ನಾನೂ ನಕ್ಕೆ."

"ಅವ್ನೂ ನಕ್ಕ" ಎಂದ.

ಓದಿದವಳು ನಾನು. ಮಾತಿನಿಂದ ಯಾರೂ ಸಾಯುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವನು ಅಷ್ಟರಲ್ಲಿ ಎದ್ದು ಮಿಷನ್ನಿನ ವೈರು ಬಿಡಿಸುತ್ತಿದ್ದ.

"ಗೇಟು ಎಲ್ಲಿ ಕಿತ್ತೋಗದೆ?"

ತೋರಿಸಿದೆ. ಕುಕ್ಕರಗಾಲಲ್ಲಿ ಕೂತ, ಕಪ್ಪು ಗಾಜು ಹಿಡಿದ. "ಕಣ್ಣು!" ಎಂದು ಕೂಗಿದ. ಎಷ್ಟು ವರ್ಷವಾಗಿತ್ತೋ ಆ ಕೂಗು ಕೇಳಿ. ನಾನು ಗೋಡೆಯ ಕಡೆ ತಿರುಗಿದೆ. ಗೋಡೆಯ ಮೇಲೆ ಅವನ ನೆರಳು ನೀಲಿ ಬೆಳಕಿನಲ್ಲಿ ಎದ್ದು ಬೀಳುತ್ತಿತ್ತು. ಬೆಳಕು ನಿಂತ ಮೇಲೆ ಇತ್ತ ತಿರುಗಿದೆ. ಕಿಟ್ಟ ಉದುರಿಸಿದ. ಆರಲು ಬಿಟ್ಟ. ಉಗುರಿನಿಂದ ಟಕ್ಕೆಂದು ತಟ್ಟಿದ.

ನಾನು ಕಾದೆ. ಅವನ ತುಟಿ ಅಲುಗಿತು. ಟವೆಲಿನ ತುದಿಯಿಂದ ಬಾಯಿ ಒತ್ತಿಕೊಂಡು, ಕೈ ಒರೆಸಿಕೊಂಡು, ಬಸ್ ಸ್ಟ್ಯಾಂಡಿನ ಕಡೆ ಹೊರಟುಹೋದ. ಕೊಳವೆಯನ್ನು ಕೊಂಡೊಯ್ಯಲಿಲ್ಲ.

ಮುಂದಿನ ಹಂಗಾಮು ಬರುವ ಮೊದಲೇ ಅವನು ತೀರಿಕೊಂಡ. ಮಿಷನ್ನು ಶೆಡ್ಡಿನಲ್ಲಿದೆ, ಕೊಳವೆಯೂ ಇದೆ. ಸೊಪ್ಪಿನ ವಾಸನೆ ಹುಣಸೂರಿಗೂ ಬರುವ ದಿನಗಳಲ್ಲಿ ಒಮ್ಮೊಮ್ಮೆ ಅನ್ನದ ಮುಂದೆ ಕೂತವಳಿಗೆ ಹೊರಗೆ ಯಾರೋ ಕರೆದಂತಾಗುತ್ತದೆ. ಎದ್ದು ಹೋಗಿ ಗೇಟು ತೆರೆದು ನೋಡುತ್ತೇನೆ. ಯಾರೂ ಇರುವುದಿಲ್ಲ. ಗೇಟು ಮಾತ್ರ ಸದ್ದಿಲ್ಲದೆ ತಿರುಗುತ್ತದೆ. ಅವನು ಬಾಯಿ ಬಿಟ್ಟು ಹೇಳದಿದ್ದರೂ, ಆ ಕೀಲು ಅವನಿಗಿಂತ ಜಾಸ್ತಿಯೇ ಬಾಳಿತು.