ನಿಲೋಫರ್ ಕಲಿತ ಘನತೆಯ ಪಾಠ

ಕಮಲಾಕರ ಸರ್ ಕರುಣೆಯನ್ನು ಕನ್ನಡಿ ಮುಂದೆ ಕಲಿಸುತ್ತಿದ್ದರು. ಶಿರಸಿಯ ಖಾಸಗಿ ನರ್ಸಿಂಗ್ ಶಾಲೆಯೊಂದರ ಹುಡುಗಿಯರು ಸಾಲಾಗಿ ನಿಂತು, ತುಟಿ ಎಷ್ಟು ಅರಳಬೇಕು, ತಲೆ ಎಷ್ಟು ವಾಲಬೇಕು ಎಂದು ಅಭ್ಯಾಸ ಮಾಡಬೇಕಿತ್ತು. "ನಿಮ್ಮ ನೋವು ನನಗೆ ಅರ್ಥವಾಗುತ್ತದೆ" ಎಂಬುದನ್ನು ಬಾಯಿಪಾಠ ಒಪ್ಪಿಸಬೇಕಿತ್ತು. ಬಿಳಿ ಕೋಟಿನ ಇಸ್ತ್ರಿ ಕೆಡುತ್ತದೆಂದು ರೋಗಿಯ ಹಾಸಿಗೆಗೂ ತಾಗದ ಮನುಷ್ಯ ಕಲಿಸುವ ವಿದ್ಯೆ ಇದು.

ನಿಲೋಫರ್‌ಗೆ ಆತನನ್ನು ಕಂಡರೇ ಹೇಸಿಗೆ. ಅವಳು ಯಲ್ಲಾಪುರದ ಲಾರಿ ಚಾಲಕ ಅಖ್ತರನ ಮಗಳು. ಸೇವೆಯ ಹಂಬಲದಿಂದ ಬಂದವಳೇನಲ್ಲ. ಪಿಯುಸಿ ಮುಗಿಯುತ್ತಲೇ ಮನೆಯಲ್ಲಿ ಎದ್ದ ಮದುವೆಯ ಮಾತಿನಿಂದ ತಪ್ಪಿಸಿಕೊಂಡು ಬಂದವಳು. ರೋಗಿಗಳ ಮೇಲೂ ಅವಳಿಗೆ ಅಂಥ ಪ್ರೀತಿಯಿರಲಿಲ್ಲ.

ಎರಡನೆಯ ವರ್ಷ, ಎಮ್ಮೆಯ ಕೊಟ್ಟಿಗೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಗುಡ್ನಾಪುರದ ಮುರಿಗೆವ್ವ ಶಾಲೆಗೆ ಸೇರಿದ ಆಸ್ಪತ್ರೆಯ ವಾರ್ಡಿಗೆ ಬಂದಳು. ಕಮಲಾಕರ ಸರ್ ವಿದ್ಯಾರ್ಥಿನಿಯರನ್ನು ಮಂಚದ ಸುತ್ತ ನಿಲ್ಲಿಸಿ, ಮುದುಕಿಯ ಹೊದಿಕೆಯನ್ನು ಬೆರಳ ತುದಿಯಲ್ಲಿ ಎಳೆದರು. ಸೀರೆ ತೊಡೆಯ ಮೇಲಕ್ಕೆ ಸರಿದಿತ್ತು.

"ಇವತ್ತಿನ ವಿಷಯ, ರೋಗಿಯ ಘನತೆ," ಎಂದರು.

"ಏ ಸರಾ, ಮುಚ್ರಿ. ನಾ ಏನ್ ಸಂತ್ಯಾಗ ನಿಂತ ಎಮ್ಮಿ ಏನ್ರಿ?" ಎಂದಳು ಮುರಿಗೆವ್ವ.

"ಸ್ವಲ್ಪ ತಡೀರಿ ಅಜ್ಜಿ, ನಿಮ್ಮ ಘನತೆ ಬಗ್ಗೇನೇ ಹೇಳ್ತಾ ಇದ್ದೇನೆ."

ನಿಲೋಫರ್ ಮುಂದೆ ಬಂದು ಹೊದಿಕೆಯನ್ನು ಎಳೆದು ಮುಚ್ಚಿದಳು.

"ನಿಂಗೆ ಮುಟ್ಲಿಕ್ಕೆ ಯಾರು ಹೇಳಿದ್ರು?"

"ಅಜ್ಜಿ ಹೇಳಿದ್ರು ಸರ್. ನಿಮ್ಗೆ ಕೇಳ್ಲಿಲ್ವಾ?"

ಕಮಲಾಕರ ಸರ್ ಅವಳನ್ನು ಹೊರಗೆ ಕಳಿಸಿ ಘನತೆಯ ಪಾಠ ಮುಂದುವರಿಸಿದರು.

ಮಧ್ಯಾಹ್ನ ಬೆಡ್‌ಪ್ಯಾನ್ ಹಿಡಿದು ಮುರಿಗೆವ್ವನ ಬಳಿ ಹೋಗುವಾಗ ನಿಲೋಫರ್‌ಗೆ ಒಳಗೊಳಗೇ ಹೆಮ್ಮೆ. ಒಂದು ಒಳ್ಳೆಯ ಮಾತಿನ ನಿರೀಕ್ಷೆಯೂ ಇತ್ತೇನೋ. ಮುದುಕಿ ಅವಳ ಮುಖವನ್ನೇ ದಿಟ್ಟಿಸಿದಳು.

"ಮಾರಿ ಯಾಕ ಹಂಗ ಸಿಂಡರಿಸ್ತೀ? ನಾತ ಬರ್ತೈತಿ ಅಂತ ನನಗೂ ಗೊತ್ತೈತಿ. ನಿಮ್ಮ ಸರ್ ಹಂತ್ಯಾಕ ಬರಂಗಿಲ್ಲ. ನೀ ಬಂದೂ ಮಾರಿ ತಿರುವ್ತಿ. ಏನ್ ಫರಕ್?"

ನಿಲೋಫರ್‌ಗೆ ಮುಖಕ್ಕೆ ಹೊಡೆದಂತಾಯಿತು. ಕಮಲಾಕರ ಸರ್ ಬಗ್ಗೆ ತನಗಿದ್ದ ಹೇಸಿಗೆಯೇ ತನ್ನ ಒಳ್ಳೆಯತನವೆಂದು ಅವಳು ತಿಳಿದಿದ್ದಳು. "ತಪ್ಪಾಯ್ತಜ್ಜಿ," ಎಂದಳು. ಪರದೆ ಎಳೆದಳು. ಎಲ್ಲಿ ಹಿಡಿದರೆ ನೋವಾಗುತ್ತದೆ, ಯಾವ ಕಡೆ ಹೊರಳಿಸಲಿ ಎಂದು ಕೇಳಿ, ಹೇಳಿದಂತೆಯೇ ಎತ್ತಿದಳು. ಮುದುಕಿಯ ನಾಚಿಕೆ ತಗ್ಗಲೆಂದು ಆಕೆಯ ಎಮ್ಮೆಯ ವಿಷಯ ಎತ್ತಿದಳು. ಮುರಿಗೆವ್ವ ಬೈಯುತ್ತಲೇ ಉತ್ತರ ಕೊಟ್ಟಳು. ಊರಿಗೆ ಹೋಗುವವರೆಗೂ ಬೈದಳು. ಆದರೆ ಏನು ಬೇಕಾದರೂ ನಿಲೋಫರ್‌ಳೊಬ್ಬಳನ್ನೇ ಕರೆದು ಬೈದಳು.

ಕಮಲಾಕರ ಸರ್ ಈಗ ಆ ಶಾಲೆಯ ಪ್ರಾಂಶುಪಾಲ. ಕರುಣೆಯ ಬಗ್ಗೆ ಸಿದ್ದಾಪುರದವರೆಗೂ ಹೋಗಿ ಭಾಷಣ ಮಾಡುತ್ತಾರೆ, ಶಾಲು ಹೊದಿಸಿಕೊಂಡು ಬರುತ್ತಾರೆ. ನಿಲೋಫರ್ ಯಲ್ಲಾಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದಾಳೆ. ಅಲ್ಲಿಗೆ ತರಬೇತಿಗೆ ಬರುವ ಹುಡುಗಿಯರು ಅದೇ ಕಲಿತ ನಗೆ ಹೊತ್ತು ರೋಗಿಯ ಮುಂದೆ ತಲೆ ವಾಲಿಸಿದರೆ ಅವಳಿಗೆ ಮೈ ಉರಿಯುತ್ತದೆ.

"ಹಲ್ಲು ಆಮೇಲೆ ತೋರ್ಸು. ಅವ್ರಿಗೆ ಎಂತ ಬೇಕು ಅಂತ ಮೊದ್ಲು ಕೇಳು," ಎನ್ನುತ್ತಾಳೆ.