ನಾಲ್ಕು ಕಾಳು ಕೊಟ್ಟು ಹೋಗುವ ಜಂಗಮಯ್ಯ

ದೇಶನೂರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಂಗಳಕ್ಕೆ ನೀರು ಹಾಕುತ್ತಿದ್ದ ಹೆಂಗಸರ ಕಿವಿ ಒಮ್ಮೆಲೇ ನೆಟ್ಟಗಾಗುತ್ತದೆ. ಗದ್ದೆಯ ಕಡೆಯಿಂದ ಗಂಟೆಯ ಸದ್ದು. "ಅಯ್ಯಾರು ಬಂದ್ರು!" ಎಂದು ಒಬ್ಬಾಕೆ ಕೂಗಿದ್ದೇ ತಡ, ಮೊರಗಳು ಬಾಗಿಲಿಗೆ ಬರುತ್ತವೆ.

ಕುರುಗೋಡಿನ ತಿಪ್ಪೇರುದ್ರಯ್ಯನವರಿಗೆ ಎಪ್ಪತ್ತು ದಾಟಿದೆ. ಹೆಗಲಿಗೆ ಜೋಳಿಗೆ, ಕಾಲಿಗೆ ಗಂಟೆ, ದಿನಕ್ಕೊಂದು ಊರು. ಸೋಮವಾರ ದೇಶನೂರಿನ ಪಾಳಿ; ಹಿಂದಿನ ಸಂಜೆಯೇ ಬಸ್ಸಿಳಿದು ಗದ್ದೆಯಾಚೆಯ ಮಠದಲ್ಲಿ ಮಲಗುತ್ತಾರೆ. ಕಾಳು ಬೇಡಿ ಬದುಕುವ ಈ ಜಂಗಮರು ಬರಿಗೈಲಿ ಬರುವವರಲ್ಲ. ಸಿರುಗುಪ್ಪದಲ್ಲಿ ಯಾರ ಎಮ್ಮೆ ಈದಿದೆ, ಯಾರ ಮನೆಯಲ್ಲಿ ಕನ್ಯೆ ಇದೆ, ಎಲ್ಲ ಸುದ್ದಿ ಅವರ ಬಳಿ. ಆದರೆ ಅದು ಭಿಕ್ಷೆ ಮುಗಿದ ಮೇಲೆ, ಚಹಾ ಕುಡಿಯುತ್ತಾ. ಜೋಳಿಗೆಗೆ ಬಿದ್ದ ಕಾಳಿನಲ್ಲಿ ನಾಲ್ಕನ್ನು ಮೊರಕ್ಕೆ ಹಿಂದಿರುಗಿಸುವವರೆಗೆ ಅವರು ಬಾಯಿ ಬಿಡುವಂತಿಲ್ಲ. ಖಾಲಿ ಮೊರ ಮನೆಯೊಳಗೆ ಹೋಗಬಾರದು. ಇದು ಅಪ್ಪನಿಂದ ಬಂದ ಪದ್ಧತಿ.

ಬಳ್ಳಾರಿಯಲ್ಲಿ ಕಣ್ಣಿನ ಆಪರೇಷನ್ ಆಗಿ ಈ ಬೇಸಿಗೆಯಿಡೀ ಅವರು ಮನೆ ಹಿಡಿದಿದ್ದರು. "ಮಂದಿ ನನ್ನ ಮರತ್ರೇನಪಾ ಅಂತ ಜೀವ ಹೊಡ್ಕೊಂತಿತ್ರಿ. ಬಾಗ್ಲಾ ಹಾಕ್ಕೊಂಡ್ರ ನಾ ಎಲ್ಲಿಗಿ ಹೋಗ್ಲಿ?" ಎನ್ನುತ್ತಾರೆ.

ಮತ್ತೆ ಹೊರಟ ಮೊದಲ ಸೋಮವಾರವೇ ಪೇಚಿಗೆ ಸಿಕ್ಕಿಕೊಂಡರು. ದಾಕ್ಷಾಯಣಮ್ಮನವರ ಬಾಗಿಲಲ್ಲಿ ಹೊಸ ಮುಖ. ಹೊಸ ಸೊಸೆ ರಶ್ಮಿ, ಬಳ್ಳಾರಿ ಪೇಟೆಯ ಕೌಲ್ ಬಜಾರಿನಲ್ಲಿ ಬೆಳೆದ ಹುಡುಗಿ. ಅಕ್ಕಿ ಸುರಿದವಳೇ ಖಾಲಿ ಮೊರ ಹಿಡಿದು ಸರ್ರನೆ ಒಳಗೆ ಹೋದಳು! ಹಿಂದಿರುಗಿಸಬೇಕಿದ್ದ ನಾಲ್ಕು ಕಾಳು ಅಯ್ಯನವರ ಕೈಯಲ್ಲೇ ಉಳಿದವು. ಮಾತಾಡುವಂತಿಲ್ಲ, ಬಿಟ್ಟು ಹೋಗುವಂತೆಯೂ ಇಲ್ಲ. ಕಟ್ಟೆಯ ಮೇಲೆ ಕೂತೇಬಿಟ್ಟರು. ಅಕ್ಕಿ ಸಾಲಲಿಲ್ಲವೇನೋ ಎಂದು ಆಕೆ ಬೇಳೆ ತಂದಳು, ಆಮೇಲೆ ರೊಟ್ಟಿ, ಆಮೇಲೆ ಗಂಡನ ಹೊಸ ಅಂಗಿ. ಇವರು ಮೊರ ಕೇರುವಂತೆ ಎರಡೂ ಕೈ ಆಡಿಸಿ ತೋರಿಸಿದರೆ, ಸೆಕೆಯಾಗಿರಬೇಕೆಂದು ಟೇಬಲ್ ಫ್ಯಾನನ್ನೇ ತಂದಿಟ್ಟಳು.

ಅಷ್ಟರಲ್ಲಿ ಗದ್ದೆಯಿಂದ ಬಂದ ದಾಕ್ಷಾಯಣಮ್ಮ ಬಿದ್ದು ಬಿದ್ದು ನಕ್ಕರು. "ಏ ಹುಚ್ಚಿ, ಮೊರ ತಗೊಂಬಾ! ಅಯ್ಯಾರು ಬೇಡಾಕ ಕುಂತಿಲ್ಲ, ಕೊಡಾಕ ಕುಂತಾರ!"

ನಾಲ್ಕು ಕಾಳು ಮೊರಕ್ಕೆ ಬಿದ್ದವು. ರಶ್ಮಿಗೆ ನಾಚಿಕೆಯೋ ನಾಚಿಕೆ. "ತಪ್ಪಾತ್ರಿ ಅಜ್ಜಾರ. ಮುಂದಿನ ಸೋಮವಾರ ಬರ್ತೀರಿ ಹೌದಿಲ್ರಿ?" ಎಂದಳಂತೆ.

ಇದನ್ನು ಹೇಳುವಾಗ ತಿಪ್ಪೇರುದ್ರಯ್ಯನವರ ಕಣ್ಣು ತುಂಬುತ್ತದೆ, ಡಾಕ್ಟರು ಬೇಡವೆಂದಿದ್ದರೂ. "ಅತ್ತಿ ಕರದಿದ್ರ ಹಳೇ ರೂಢಿ ಅಂತಿದ್ದೆ. ಕರದಾಕಿ ಸೊಸಿ ನೋಡ್ರಿ. ಇನ್ನೊಂದು ತಲಿಮಾರಿನ ಬಾಗ್ಲಾ ತೆರೀತು!"